ಮೋಡೀ ಖೋಲಿಯ ಕೂಸು

ಗೊತ್ತಿಲ್ಲದ್ದನ್ನು ಬಾಯಿಬಿಟ್ಟು ಕೇಳುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಕೃಷ್ಣೆಯ ದಂಡೆಯ ನಮ್ಮೂರಿನಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹೆಣ್ಣುಮಕ್ಕಳು ಇಬ್ಬರೇ, ಅದರಲ್ಲಿ ನಾನೊಬ್ಬಳು. ಆ ಜಂಬ ತಲೆಗೇರಿತ್ತು. ಈಗ ಎಪ್ಪತ್ತು ದಾಟಿದ ಮೇಲೂ ಪೂರ್ತಿ ಇಳಿದಿಲ್ಲ ಎಂದು ಸೊಸೆಯಂದಿರು ಹೇಳುತ್ತಾರೆ, ಹೇಳಲಿ. ಆದರೆ ಆ ಜಂಬದಿಂದ ನಾನು ಮಾಡಿದ ಒಂದು ಕೆಲಸವಿದೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಅರವತ್ತರ ದಶಕ ಮುಗಿಯುತ್ತ ಬಂದಾಗ ನನ್ನನ್ನು ಮಹಾರಾಷ್ಟ್ರದ ಗಡಿಯೊಳಗಿನ ಜತ್ತಕ್ಕೆ ಕೊಟ್ಟರು. ಗಂಡನ ಮನೆಯವರದು ಪೇಟೆಯಲ್ಲಿ ಭಾಂಡೆ ಅಂಗಡಿ. ಹಂಡೆ, ಕೊಡ, ತಪೇಲಿ, ಪರಾತ, ಎಲ್ಲ ತಾಮ್ರ ಹಿತ್ತಾಳೆಯವು. ಮುಂದೆ ಅಂಗಡಿ, ಹಿಂದೆ ಅಂಗಳ, ಅಂಗಳದ ಸುತ್ತ ಮನೆ. ಮನೆಯೊಳಗೆ ಮಾತು ಕನ್ನಡವೇ, ಆದರೆ ಎರಡು ಮಾತಿಗೊಂದು ಮರಾಠಿ ಶಬ್ದ ನುಗ್ಗುವ ಕನ್ನಡ. ನನಗೆ ಮರಾಠಿಯ ಗಂಧವಿರಲಿಲ್ಲ. ಬಂದ ಎಂಟನೆಯ ದಿನ ಪಕ್ಕದ ಮನೆಯ ಮರಾಠಿ ಅಜ್ಜಿ ಬಾಗಿಲಲ್ಲಿ ನಿಂತು, ಹೊಸ ಸೊಸೆಯನ್ನು ಮಾತಾಡಿಸೋಣವೆಂದು "ಕಾಯ ಗ, ಸೂನಬಾಯಿ?" ಎಂದರು. ಏನಮ್ಮಾ ಸೊಸೆ, ಎಂದು ಅದರ ಅರ್ಥ. ನಾನು ಕಾಯಿ ಕೇಳುತ್ತಿದ್ದಾರೆಂದು ತಿಳಿದು ಒಳಗೆ ಓಡಿ, ದೇವರ ಮುಂದಿದ್ದ ತೆಂಗಿನಕಾಯಿ ತಂದು ಅವರ ಉಡಿಯಲ್ಲಿ ಹಾಕಿ ಕಾಲಿಗೆ ಬಿದ್ದೆ. ಅಜ್ಜಿ ಕಾಯಿ ಬಿಡಲಿಲ್ಲ, ಮನೆಗೆ ಒಯ್ದರು. ನಮ್ಮ ಮನೆಯವರು ವಾರಗಟ್ಟಲೆ ನಕ್ಕರು. ಅಂಗಡಿಗೆ ಬಂದ ಗಿರಾಕಿಗಳಿಗೂ ಮಾವ ಅದನ್ನೇ ಹೇಳಿ ನಗಿಸುತ್ತಿದ್ದುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ಇನ್ನು ಈ ಮನೆಯಲ್ಲಿ ಯಾವ ಶಬ್ದದ ಅರ್ಥವನ್ನೂ ಯಾರ ಹತ್ತಿರವೂ ಕೇಳುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದೆ.

ಅಂಗಳದ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಅದನ್ನು ಎಲ್ಲರೂ ಮೋಡೀ ಖೋಲಿ ಎನ್ನುತ್ತಿದ್ದರು.

ಮೋಡಿ ಎಂದರೆ ನಮ್ಮೂರಲ್ಲಿ ಒಂದೇ ಅರ್ಥ. ಮಾಟ, ಮಂತ್ರ, ಇನ್ನೊಬ್ಬರ ಮನೆ ಹಾಳುಮಾಡುವ ವಿದ್ಯೆ. ಮೋಡಿ ಹಾಕುವವರು ಮೊದಲು ಒಂದು ಗೊಂಬೆ ಮಾಡುತ್ತಾರೆ, ಆಮೇಲೆ ಅದಕ್ಕೆ ಬೇಕಾದ ಜೀವವನ್ನು ಎಲ್ಲಿಂದಾದರೂ ಎಳೆದುಕೊಳ್ಳುತ್ತಾರೆ ಎಂದು ನಮ್ಮಜ್ಜಿ ಹೇಳಿದ್ದನ್ನು ನಾನು ಚಿಕ್ಕಂದಿನಲ್ಲಿ ನಂಬಿದ್ದೆ, ಮುಲ್ಕಿ ಪಾಸಾದ ಮೇಲೆ ಬಿಟ್ಟಿದ್ದೆ. ಇಲ್ಲಿ ನೋಡಿದರೆ ಅದಕ್ಕಾಗಿಯೇ ಮನೆಯಲ್ಲೊಂದು ಕೋಣೆ.

"ಆ ಖೋಲ್ಯಾಗ ಹೋಗಬ್ಯಾಡವಾ, ಅದೆಲ್ಲ ಮೋಡೀದು," ಎಂದು ಅತ್ತೆ ಮೊದಲ ವಾರವೇ ಹೇಳಿದ್ದರು. "ಅದರಾಗಿಂದು ಒಂದ ಚಮಚೆ ಸುದ್ದಾ ಅಡಿಗಿಮನಿಗೆ ತರಬಾರದು."

ಸೋಮವಾರ ಸಂಜೆ ಅತ್ತೆ ಆ ಬಾಗಿಲಿಗೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದರು. ಊಟಕ್ಕೆ ಕುಳಿತಾಗ ಮಾವ "ಇವತ್ತ ಮೋಡೀಗ ಭಾಳ ಬಂದಾವ" ಎಂದರೆ ನನ್ನ ಗಂಡ "ಯಾರ ಮನೀವು?" ಎನ್ನುತ್ತಿದ್ದರು. "ಸತ್ತವರ ಮನೀವು," ಎಂದು ಹೇಳಿ ಮಾವ ನೆಮ್ಮದಿಯಾಗಿ ರೊಟ್ಟಿ ಮುರಿಯುತ್ತಿದ್ದರು. ನಾನು ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಇವರೆಲ್ಲ ಇಷ್ಟು ಒಳ್ಳೆಯವರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಇದನ್ನೆಲ್ಲ ಹೇಗೆ ಮಾಡುತ್ತಾರೆ ಎಂದು ಯೋಚಿಸುತ್ತಿದ್ದೆ. ಕೇಳಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಗಂಡನ ಅಕ್ಕ ತವರಿಗೆ ಬಂದರು. ಅವರನ್ನು ಡಫಳಾಪುರದ ಒಂದು ಒಕ್ಕಲುತನದ ಮನೆಗೆ ಕೊಟ್ಟಿದ್ದರು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು, ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಏಳು ತಿಂಗಳ ಬಸುರಿ. ಅದಕ್ಕೂ ಮೊದಲು ಎರಡು ಹೆತ್ತಿದ್ದರು. ಒಂದು ನಾಲ್ಕು ದಿನ ಇತ್ತು, ಇನ್ನೊಂದು ಒಂದೇ ದಿನ. ಎರಡೂ ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದವು. ಎರಡೂ ಸಲ ಕೂಸು ಕಣ್ಣು ಮುಚ್ಚಿದ್ದು ಅವರ ಕೈಯಲ್ಲೇ. ಆಮೇಲೆ ಅವರೇ ಹಾಲು ಕುಡಿಸಿ ಸಾಕಿದ ಒಂದು ಕರುವೂ ಸತ್ತಿತು. ಅದಾದ ಮೇಲೆ ಡಫಳಾಪುರದ ಅವರ ಅತ್ತೆ ಒಂದು ಮಾತು ಆಡಿದ್ದರಂತೆ: "ಆಕಿ ಕೈಗುಣ ಚಲೋ ಇಲ್ಲ. ಆಕಿ ಹಿಡದದ್ದು ಉಳಿಯಾಂಗಿಲ್ಲ." ಆ ಮಾತು ಬಸ್ಸು ಹತ್ತಿ ಜತ್ತಕ್ಕೂ ಬಂದಿತ್ತು. ಯಾರೂ ಅದನ್ನು ಅಕ್ಕನ ಎದುರು ಆಡುತ್ತಿರಲಿಲ್ಲ. ಆದರೆ ಅವರು ಹಾಲಿನ ಪಾತ್ರೆ ಎತ್ತಲು ಹೋದರೆ ಅತ್ತೆ ಮುಂದೆ ಬಂದು ತಾವೇ ಎತ್ತುತ್ತಿದ್ದರು, ಬಸುರಿ ದಣಿಯಬಾರದು ಎಂಬ ನೆಪದಲ್ಲಿ.

ಅಕ್ಕ ಬಂದ ವಾರದಲ್ಲೇ ಮೋಡೀ ಖೋಲಿಗೆ ಒಂದು ಗೋಣಿಚೀಲ ಬಂತು. ಮಿರಜ ಕಡೆಯ ಯಾವುದೋ ಹಳೆಯ ಸಾಹೇಬರ ಬಂಗಲೆಯ ಅಡುಗೆ ಸಾಮಾನು ಎಂದು ಮಾವ ಹೇಳಿದರು. ಅಂಗಳದಲ್ಲಿ ಸುರುವಿದಾಗ ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ತಗಡಿನ ಡಬ್ಬಿಗಳು, ಆದರೆ ಒಂದೂ ಡಬ್ಬಿಯ ಆಕಾರದಲ್ಲಿರಲಿಲ್ಲ. ಒಂದು ಮೀನು, ಒಂದು ಮೊಲ, ಒಂದು ಅರ್ಧಚಂದ್ರ, ಎಸಳು ಎಸಳಾಗಿ ತೆರೆದ ಒಂದು ದೊಡ್ಡ ಹೂವು. ಎಲ್ಲವೂ ಟೊಳ್ಳು. ಹಿಂದಿನ ಓಣಿಯಲ್ಲಿ ಪಾವು ಎನ್ನುವ ಬ್ರೆಡ್ಡು, ಟೋಸ್ಟು, ನಾನಕಟಾಯಿ ಸುಡುವ ಭಟ್ಟಿಯ ಚಾಚಾನನ್ನು ಮಾವ ಕರೆಸಿದರು. ಅವರು ಒಂದೊಂದನ್ನೇ ತಿರುಗಿಸಿ ನೋಡಿದರು.

"ಸಾಹೇಬ್ರ ಸಾಚಾ ಇವು," ಎಂದರು. ಅಚ್ಚಿಗೆ ಅಲ್ಲಿ ಸಾಚಾ ಅನ್ನುತ್ತಾರೆ. "ಹಬ್ಬಕ್ಕ ಇದರಾಗ ಪಾವ ಸುಡತಿದ್ರು. ಹಾಲಿನ ಮಿಠಾಯಿ ಹಾಕಿ ಕುಂದ್ರಸತಿದ್ರು. ತೆಗದ್ರ ಇದರದ ಶಕಲ್ ಬರತೈತಿ."

ಮೀನಿನದನ್ನು ಮೊದಲು ಹೊರಗೆ ಒಯ್ಯಿರಿ ಎಂದು ಅತ್ತೆ ಒಳಗಿನಿಂದಲೇ ಹೇಳಿದರು. ಚಾಚಾ ಮೀನು, ಮೊಲ, ಚಂದ್ರ, ಹೂವು ಎಲ್ಲವನ್ನೂ ತಮ್ಮ ಭಟ್ಟಿಗೆಂದು ಎತ್ತಿಟ್ಟುಕೊಂಡರು. ಚೀಲದ ತಳದಲ್ಲಿ ಇನ್ನೊಂದಿತ್ತು. ಅದು ತಗಡಿನದಲ್ಲ, ತಾಮ್ರದ್ದು. ಮೊಳಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ, ಎರಡು ಹೋಳು, ಒಂದರ ಮೇಲೊಂದು ಮುಚ್ಚಿಕೊಳ್ಳುವಂಥದು. ಹೊರಮೈ ತುಂಬ ಪೆಟ್ಟು. ಚಾಚಾ ಅದನ್ನು ತೆರೆದರು. ಒಳಗೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಹಸುಗೂಸಿನ ಆಕಾರ. ಕಣ್ಣು ಮುಚ್ಚಿತ್ತು, ಬಾಯಿ ತುಸು ತೆರೆದಿತ್ತು. ಚಾಚಾ ಎರಡು ಹೋಳನ್ನೂ ಮೊದಲಿದ್ದಂತೆ ಮುಚ್ಚಿ ನೆಲದ ಮೇಲಿಟ್ಟರು.

"ಇದನ್ನ ನಾ ಒಯ್ಯಾಂಗಿಲ್ರಿ," ಎಂದರು. ಮಾವ ಯಾಕೆಂದು ಕೇಳಿದರೆ ಸುಮ್ಮನೆ ಕೈ ಒರೆಸಿಕೊಂಡರು.

ಆಗ ಅಕ್ಕ ಅಂಗಳಕ್ಕೆ ಬಂದು ಅದನ್ನು ಎರಡೂ ಕೈಯಿಂದ ಎತ್ತಿಕೊಂಡರು. "ಇದು ನನಗ ಇರಲಿ," ಎಂದರು. ಅತ್ತೆಯ ಮುಖ ಕಪ್ಪಿಟ್ಟಿತು. ಆದರೆ ದಿನ ತುಂಬುತ್ತಿರುವ ಹೆಣ್ಣುಮಗಳು ಬಯಸಿ ಕೇಳಿದ್ದನ್ನು ಕೊಡುವುದಿಲ್ಲ ಎನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಮೋಡೀ ಖೋಲಿಗೆ ಬಂದದ್ದು ಮೊದಲ ಸಲ ಅಡುಗೆಮನೆಯೊಳಗೆ ಹೋಯಿತು.

ಮರುದಿನ ಅಕ್ಕ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ಓಣಿಯ ಕಲಾಯಿಗಾರನಿಂದ ಒಳಗೆ ಕಲಾಯಿ ಹಾಕಿಸಿಕೊಂಡರು. ಬೆಳ್ಳಗೆ ಹೊಳೆಯಿತು. ಯಾರೂ ಇಲ್ಲದಾಗ ನಾನೊಮ್ಮೆ ಬಗ್ಗಿ ನೋಡಿದೆ. ಅಚ್ಚಿನ ಒಳಗೆ ಮುಖ ತಗ್ಗಾಗಿ ಇರಬೇಕು. ನನಗೆ ಅದು ಉಬ್ಬಿ ಮೇಲೆ ಬಂದಂತೆ ಕಂಡಿತು. ನಾನು ಎಡಕ್ಕೆ ಸರಿದರೆ ಅದು ಎಡಕ್ಕೆ ಹೊರಳಿತು, ಬಲಕ್ಕೆ ಸರಿದರೆ ಬಲಕ್ಕೆ. ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಹೊರಳುತ್ತಿತ್ತು. ಇಂಥದ್ದು ಬರಿ ಕಣ್ಣಿನ ಮೋಸ, ಯಾವ ತಗ್ಗು ಮುಖವನ್ನು ನೋಡಿದರೂ ಹಾಗೇ ಕಾಣುತ್ತದೆ ಎಂದು ಸಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಮಗ ಈಗ ಹೇಳುತ್ತಾನೆ. ಇರಬಹುದು. ಅವತ್ತು ಆ ಅಡುಗೆಮನೆಯಲ್ಲಿ ನನ್ನ ಜೊತೆ ಅವನು ಹೊಟ್ಟೆಯೊಳಗಿದ್ದ, ಅಷ್ಟೆ.

ಹೌದು, ನನಗೂ ಎರಡು ತಿಂಗಳಾಗಿತ್ತು. ಮೂರು ತುಂಬುವವರೆಗೆ ಹೇಳಬಾರದೆಂದು ಗಂಡನಿಗೂ ಹೇಳಿರಲಿಲ್ಲ.

ಮೊದಲು ಪಾವು. ಚಾಚಾನ ಭಟ್ಟಿಯಿಂದ ಹುದುಗಿದ ಮೈದಾಹಿಟ್ಟು ತರಿಸಿ ಅಕ್ಕ ತಾವೇ ನಾದಿ, ತುಪ್ಪ ಸವರಿದ ಅಚ್ಚಿಗೆ ತುಂಬಿ, ಎರಡು ಹೋಳನ್ನೂ ತಂತಿಯಿಂದ ಬಿಗಿದು ತಮ್ಮನ ಕೈಗೆ ಕೊಟ್ಟರು. ಮಧ್ಯಾಹ್ನ ಭಟ್ಟಿ ಇಳಿಬೆಂಕಿಯಲ್ಲಿದ್ದ ಹೊತ್ತು. ನನ್ನ ಗಂಡ ಬಂದು ಹೇಳಿದರು: ಚಾಚಾ ಜಾಗ ತೋರಿಸಿ ಆಚೆ ಹೋಗಿ ನಿಂತರಂತೆ, "ಕೂಸಿನ್ನ ನನ್ನ ಕೈಲೆ ಬೆಂಕ್ಯಾಗ ಹಾಕಸಬ್ಯಾಡ್ರಿ" ಎಂದರಂತೆ. ಇವರೇ ಉದ್ದ ಸಲಿಕೆಯಿಂದ ಒಳಗೆ ತಳ್ಳಿ, ಇವರೇ ಹೊರಗೆ ತೆಗೆದರು.

ಅಕ್ಕ ತಂತಿ ಬಿಚ್ಚಿದರು. ಕೆಂಪಗೆ ಬೆಂದ ಕೂಸು ಅವರ ಎರಡು ಅಂಗೈಗಳ ಮೇಲೆ ಇಡಿಯಾಗಿ ಬಂದು ಕುಳಿತಿತು. ಬಿಸಿ ಹಬೆ ಅದರ ಬಾಯಿಯ ಹತ್ತಿರದಿಂದ ಬರುತ್ತಿತ್ತು, ಅಲ್ಲಿ ತುಸು ಬಿರುಕು ಬಿಟ್ಟಿತ್ತು. ಕೈ ಸುಡುತ್ತಿದ್ದರೂ ಅಕ್ಕ ಅದನ್ನು ಬಿಡಲಿಲ್ಲ. "ಒಂದಾತು," ಎಂದರು, ತಮ್ಮಷ್ಟಕ್ಕೆ.

ಅದನ್ನು ಯಾರು ಮುರಿದು ತಿನ್ನುತ್ತಾರೆ? ಪಾವು ಎಂದರೆ ಆಗ ನಮ್ಮ ಮನೆಗಳಲ್ಲಿ ಜ್ವರ ಬಂದವರು ತಿನ್ನುವ ಪದಾರ್ಥ, ಆದರೆ ಪ್ರಶ್ನೆ ಅದಲ್ಲ. ಕಾಲಿನಿಂದ ಮುರಿಯಬೇಕೋ ತಲೆಯಿಂದ ಮುರಿಯಬೇಕೋ ಯಾರಿಗೂ ತಿಳಿಯಲಿಲ್ಲ. ಎರಡು ದಿನ ಅದು ತಾಟಿನಲ್ಲಿ ಮಲಗಿ ಗಟ್ಟಿಯಾಯಿತು. ಕೊನೆಗೆ ಅತ್ತೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಅದನ್ನು ಎಮ್ಮೆಯ ಬಾನಿಯಲ್ಲಿ ನೆನೆಹಾಕಿದರು. ಏನು ಕೊಟ್ಟರೂ ತಿನ್ನುವ ನಮ್ಮ ಎಮ್ಮೆ ಬಾನಿಯ ಹತ್ತಿರ ಬಂದು, ಮೂಸಿ, ಹಗ್ಗ ಎಳೆಯುವಷ್ಟು ಹಿಂದೆ ಸರಿದು ನಿಂತಿತು.

ಮುಂದಿನ ವಾರ ಇನ್ನೊಂದು ಪಾವು. "ಎರಡಾತು."

ಆಮೇಲೆ ಚೈನಾ ಗ್ರಾಸು ತರಿಸಿದರು. ಅದು ಆಗ ಪೇಟೆಯಲ್ಲಿ ಹೊಸದು, ಬೆಳ್ಳಗೆ ನಾರಿನಂತಿರುತ್ತಿತ್ತು. ನೀರಲ್ಲಿ ಕುದಿಸಿ ಸಕ್ಕರೆ ಹಾಲಿಗೆ ಬೆರೆಸಿ ಇಟ್ಟರೆ ಬೆಣ್ಣೆಗಡ್ಡೆಯಂತೆ ಕೂರುತ್ತದೆ. ಅಚ್ಚಿನ ಪಾದದ ಕಡೆ ಒಂದು ಸಣ್ಣ ಬಾಯಿಯಿತ್ತು, ಅದರಿಂದ ಹಾಲು ಸುರಿದು, ಅಚ್ಚನ್ನು ನೀರಿನ ಹಂಡೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿದರು.

ಅವತ್ತು ಉರಿಬಿಸಿಲು. ಊಟವಾಗಿ ಎಲ್ಲರೂ ಒರಗಿದ್ದರು, ಪೇಟೆಯಲ್ಲಿ ನಾಯಿಯ ಸದ್ದೂ ಇರಲಿಲ್ಲ. ನನಗೆ ನಿದ್ದೆ ಹತ್ತದೆ ನೀರು ಕುಡಿಯಲು ಎದ್ದೆ. ಅಡುಗೆಮನೆಯ ಬಾಗಿಲು ಓರೆಯಾಗಿತ್ತು. ಅಕ್ಕ ಗೋಡೆಗೆ ಆತು, ಕಾಲು ಚಾಚಿ ಕುಳಿತಿದ್ದರು. ಮುಂಗೈಗಳ ಮೇಲೆ ಒಂದು ಹಳೆಯ ಮೆತ್ತನೆಯ ಸೀರೆಯ ತುಂಡು, ಅದರ ಮೇಲೆ ಹಾಲಿನ ಕೂಸು. ಬೆಳ್ಳಗೆ, ಒದ್ದೆಯಾಗಿ, ನಡುಗುತ್ತಿತ್ತು. ಅಕ್ಕ ಉಸಿರು ತೆಗೆದುಕೊಂಡಾಗಲೆಲ್ಲ ಅದರ ಹೊಟ್ಟೆ ಏರಿ ಇಳಿಯುತ್ತಿತ್ತು. ಅವರ ಉಸಿರೋ ಅದರ ಉಸಿರೋ ಗೊತ್ತಾಗುತ್ತಿರಲಿಲ್ಲ. ಅಕ್ಕ ಅದರ ಹಣೆಯ ಹತ್ತಿರ ಬಾಯಿ ತಂದು ಏನೋ ಹೇಳುತ್ತಿದ್ದರು. ಸಕ್ಕರೆ ನೀರು ಅವರ ಮೊಳಕೈಯಿಂದ ತೊಟ್ಟಿಕ್ಕುತ್ತಿತ್ತು.

ನಾನು ಅಲ್ಲಾಡಲಿಲ್ಲ, ಆದರೂ ಅವರು ತಲೆ ಎತ್ತದೆ ಕೇಳಿದರು: "ನಿನಗ ಎಷ್ಟ ದಿವಸ ಆತು?"

ನಾನು ತಿಳಿಯದವಳಂತೆ ಅಂದೆ: "ಏನ್ರಿ ಅಕ್ಕಾರ?"

"ನನಗ ಗೊತ್ತಾಗತೈತಿ ತಂಗಿ. ಬಾ ಇಲ್ಲಿ, ಕುಂದ್ರು. ನೀನೂ ಹಿಡದ ನೋಡು."

ನಾನು ಓಡಿದೆ. ನನ್ನ ಕೋಣೆಗೆ ಹೋಗಿ ಅಗಳಿ ಹಾಕಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತೆ. ಎಲ್ಲ ಸರಿಹೊಂದುತ್ತಿತ್ತು. ಮೋಡಿಯ ಕೋಣೆಯಿಂದ ಬಂದ ಗೊಂಬೆ. ಎಣಿಕೆ. ಎರಡು ಕೂಸು ಕಳೆದುಕೊಂಡ ಹೆಂಗಸು. ಮೂರನೆಯದನ್ನು ಉಳಿಸಿಕೊಳ್ಳಲು ಅವಳಿಗೆ ಒಂದು ಜೀವ ಬೇಕು, ಅದು ಇದೇ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಂತೆ ಎರಡು ತಿಂಗಳಿಂದ ಬೆಳೆಯುತ್ತಿದೆ. ಆ ಕ್ಷಣದಿಂದ ನಾನು ಅಕ್ಕನನ್ನು ಮನಸ್ಸಿನಲ್ಲಿ ಏಕವಚನದಲ್ಲೇ ಕರೆದೆ. ಮುಲ್ಕಿ ಪಾಸಾದವಳು ನಾನು.

ನಾಲ್ಕನೆಯದೂ ಹಾಲಿನದೇ. ಅದೂ ಇಡಿಯಾಗಿ ಬಂತು. ಆಮೇಲೆ ಡಫಳಾಪುರದಲ್ಲಿ ಎಮ್ಮೆ ಈದಿದೆ, ನಾಳೆ ಗಿಣ್ಣದ ಹಾಲು ಕಳಿಸುತ್ತಾರೆ ಎಂದು ಸುದ್ದಿ ಬಂತು. ಅಕ್ಕನ ಮುಖದಲ್ಲಿ ನಾನು ಅವತ್ತೇ ಮೊದಲು ನಗು ನೋಡಿದ್ದು. "ಐದನೇದಕ್ಕ ಗಿಣ್ಣ ಬಂತು ನೋಡ," ಎಂದು ಅತ್ತೆಗೆ ಹೇಳಿದರು. ಈದ ತಾಯಿಯ ಮೊದಲ ಹಾಲು. ನನಗೆ ಅದಕ್ಕಿಂತ ಹೆಚ್ಚು ಕೇಳಬೇಕಾಗಿರಲಿಲ್ಲ.

ಆ ಸಂಜೆ ಅಕ್ಕ ನೆರೆಮನೆಗೆ ಹೋದಾಗ ನಾನು ಗೋಡೆಯ ಹಲಗೆಯ ಮೇಲಿಂದ ಅಚ್ಚು ಇಳಿಸಿದೆ. ಬೆನ್ನಿನ ಹೋಳನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಕುತ್ತಿಗೆಯ ಜಾಗಕ್ಕೆ ಕಬ್ಬಿಣದ ಕುಟ್ಟಾಣಿಯಿಂದ ಹೊಡೆದೆ. ಮೂರು ಪೆಟ್ಟು. ತಾಮ್ರ ಮೆತ್ತಗೆ ಒಳಗೆ ಹೋಯಿತು. ಮುಖದ ಹೋಳನ್ನು ಮುಟ್ಟಲು ಧೈರ್ಯವಾಗಲಿಲ್ಲ. ಹೊರಮೈಯಲ್ಲಿ ಮೊದಲೇ ಹತ್ತಾರು ಪೆಟ್ಟುಗಳಿದ್ದುದರಿಂದ ನನ್ನದು ಬೇರೆಯಾಗಿ ಕಾಣಲಿಲ್ಲ. ಎರಡು ಹೋಳನ್ನೂ ಮುಚ್ಚಿದರೆ ಒಳಗೆ ಕುತ್ತಿಗೆಗೆ ಎರಡು ಬೆರಳಿನಷ್ಟು ದಪ್ಪದ ಜಾಗವಷ್ಟೇ ಉಳಿಯುತ್ತಿತ್ತು. ಗೊಂಬೆ ಮುರಿದರೆ ಮೋಡಿ ಮುರಿಯುತ್ತದೆ, ಇದೂ ನಮ್ಮಜ್ಜಿಯ ವಿದ್ಯೆಯೇ.

ಮರುದಿನ ಬೆಳಗಿನ ಬಸ್ಸಿಗೆ ಗಿಣ್ಣ ಬಂತು. ಅಕ್ಕ ಬೆಲ್ಲ ಕರಗಿಸಿ ಸೋಸಿ ಏಲಕ್ಕಿ ಹಾಕಿದರು. ಹೊಟ್ಟೆ ಭಾರವಾಗಿ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. "ತಂಗಿ, ಸಾಚಾಕ್ಕ ಸ್ವಲ್ಪ ತುಪ್ಪ ಸವರ ಕೊಡು," ಎಂದು ಅಚ್ಚನ್ನು ನನ್ನ ಕಡೆ ತಳ್ಳಿದರು. ನಾನೇ ಮಾಡಿದ ಉಬ್ಬಿನ ಮೇಲೆ ನಾನೇ ಬೆರಳಾಡಿಸಿ ತುಪ್ಪ ಸವರಿದೆ. ಅವರು ನೋಡಲಿಲ್ಲ. ಹಬೆಯಲ್ಲಿ ಬೇಯಿಸಿ, ಮಧ್ಯಾಹ್ನದವರೆಗೆ ಆರಲು ಬಿಟ್ಟರು.

ತೆರೆಯುವಾಗ ಅಡುಗೆಮನೆಯಲ್ಲಿ ನಾವಿಬ್ಬರೇ. ಮೇಲಿನ ಹೋಳು ಸುಲಭವಾಗಿ ಎದ್ದಿತು. ಬೆಲ್ಲ ಹಾಕಿದ ಗಿಣ್ಣ, ಥೇಟ್ ಮನುಷ್ಯರ ಮೈಬಣ್ಣ. ಈ ಸಲ ಅದು ನಿಜವಾಗಿ ಮಲಗಿದ ಕೂಸೇ ಆಗಿತ್ತು. ಅಕ್ಕ ಸೀರೆಯ ತುಂಡು ಹೊದಿಸಿ, ಮಗ್ಗುಲು ಹೊರಳಿಸಿ, ಬೆನ್ನಿನ ಹೋಳನ್ನು ಬಿಡಿಸಿ, ಎರಡೂ ಕೈ ಕೆಳಗೆ ಸೇರಿಸಿ ಎತ್ತಿದರು. ತಲೆ ಹಿಂದೆ ಬಾಗಿತು. ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಕಳಚಿ ತಾಟಿನಲ್ಲಿ ಬಿತ್ತು. ಸದ್ದೇ ಆಗಲಿಲ್ಲ. ಮುಖ ಮೇಲಾಗಿಯೇ ಬಿದ್ದಿತ್ತು.

ಸುಳ್ಳು ಹೇಳುವುದಿಲ್ಲ, ನನಗೆ ಸಮಾಧಾನವಾಯಿತು.

ಅಕ್ಕ ಅಳಲಿಲ್ಲ. ಉಳಿದ ಮೈಯನ್ನು ತಾಟಿನಲ್ಲಿಟ್ಟು ತಮ್ಮ ಕೈಗಳನ್ನು ನೋಡುತ್ತ ಕುಳಿತರು.

"ಐದು ಆಗಬೇಕಿತ್ತು," ಎಂದರು. "ಐದು ಸಲ ಮುರೀದ ನನ್ನ ಕೈಯಾಗ ಬಂದ್ರ, ಕೈಗುಣದ ಮಾತು ಸುಳ್ಳು, ಹೊಟ್ಟ್ಯಾಗಿಂದು ಉಳಿತೈತಿ, ಅಂತ ದೇವರ ಮುಂದ ಅಂದಕೊಂಡಿದ್ನಿ. ಬಿಸೀದು ಹಿಡದ್ನಿ, ನಡಗೂದು ಹಿಡದ್ನಿ. ನಾಕ ಬಂದುವು." ಆಮೇಲೆ ನನ್ನ ಕಡೆ ತಿರುಗಿದರು: "ನೀನೂ ಬಸರಿ ಅದೀ ಅಂತ ನಿನಗೂ ಹಿಡಿ ಅಂದ್ನಿ. ಮೊದಲನೇ ಕೂಸು ಹಿಡಿಯೂ ಮುಂದ ಕೈ ಭಾಳ ಅಂಜತಾವ."

ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಅಷ್ಟರಲ್ಲಿ ನನ್ನ ಗಂಡ ನೀರಿಗೆಂದು ಬಂದರು. ಅಕ್ಕ ಅಚ್ಚಿನ ಎರಡು ಹೋಳನ್ನೂ ಅವರ ಕಡೆ ಸರಿಸಿ, "ಒಯ್ದ ಮೋಡೀಗ ಹಾಕು," ಎಂದರು. ಅವರು ಎತ್ತಿಕೊಂಡು ಹೊರಟರು.

ಅಂಗಳದಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ. ಬಂದು ನಾಲ್ಕು ತಿಂಗಳಲ್ಲಿ ನಾನು ಅರ್ಥ ಕೇಳಿದ ಮೊದಲ ಶಬ್ದ ಅದು. "ಮೋಡಿ ಅಂದ್ರ ಏನ್ರಿ?"

"ಮೋಡಿ ಅಂದ್ರ ಮೋಡಿ," ಎಂದರು. ನನ್ನ ಮುಖ ನೋಡಿ ನಿಂತರು. "ಮುರದ ಸಾಮಾನ. ಹಳೇ ಭಾಂಡೆ. ತೂಕಕ್ಕ ತಗೊಂಡ ತಾಂಬಟರಿಗೆ ಕೊಡತೀವಲ್ಲ, ಕರಗಸಾಕ. ಮಂದಿ ಎಂಜಲದು, ಸತ್ತವರ ಮನೀದು ಇರತೈತಿ ಅಂತ ಅವ್ವ ಒಳಗ ತರಗೊಡಂಗಿಲ್ಲ. ಯಾಕ?"

"ಏನಿಲ್ರಿ," ಎಂದೆ.

ಅಲ್ಲೇ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಕುತ್ತಿಗೆಯ ಉಬ್ಬು ಇನ್ನೂ ಅವರ ಕೈಯಲ್ಲಿತ್ತು, ಅಕ್ಕ ಹತ್ತು ಹೆಜ್ಜೆ ಆಚೆ ಕುಳಿತಿದ್ದರು, ತಂದು ತೋರಿಸಿ ಇಗೋ ಇದು ನನ್ನ ಕೆಲಸ, ನಿಮ್ಮ ಕೈಯದಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತೆಂಗಿನಕಾಯಿಗೆ ಅಷ್ಟು ನಕ್ಕವರು ಇದಕ್ಕೆ ಏನು ಮಾಡಿಯಾರು ಎಂದು ಹೆದರಿದೆ. ನಾಳೆ ಹೇಳುತ್ತೇನೆ ಎಂದುಕೊಂಡೆ. ಆ ವಾರವೇ ತಾಮ್ರ ಕರಗಿಸಿ ಪಾತ್ರೆ ಮಾಡುವ ತಾಂಬಟರ ಗಾಡಿ ಬಂದು ಖೋಲಿಯಲ್ಲಿದ್ದುದನ್ನೆಲ್ಲ ತುಂಬಿಕೊಂಡು ಹೋಯಿತು. ಕೂಸು ಯಾವ ಕೊಡವಾಯಿತೋ ಯಾವ ಹಂಡೆಯಾಯಿತೋ ಗೊತ್ತಿಲ್ಲ.

ದಿನ ತುಂಬಿದಾಗ ಅಕ್ಕನಿಗೆ ಹೆಣ್ಣು ಹುಟ್ಟಿತು. ಗಟ್ಟಿಮುಟ್ಟಾದ ಕೂಸು, ಅತ್ತದ್ದು ಅಂಗಡಿಗೆ ಕೇಳಿಸಿತು. ಸೂಲಗಿತ್ತಿ ಎರೆದು ಒರೆಸಿ ತಾಯಿಯ ಮುಂದೆ ಹಿಡಿದಳು. ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

"ನಾ ಹಿಡಿಯಾಂಗಿಲ್ಲ," ಎಂದರು. "ಮಗ್ಗಲದಾಗ ಹಾಕ್ರಿ. ನಾ ಹಿಡೀದಿದ್ರ ಉಳಿತೈತಿ."

ಬಾಣಂತಿಯ ಭ್ರಮೆ, ನಾಲ್ಕು ದಿನಕ್ಕೆ ಹೋಗುತ್ತದೆ ಎಂದು ಅತ್ತೆ ಅಂದರು. ನಾಲ್ಕನೆಯ ದಿನ ಕಳೆಯಿತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ತಾಯಿಯ ಕೈಯಿಂದ ಕೂಸನ್ನು ಇಸಿದುಕೊಳ್ಳುವ ಶಾಸ್ತ್ರವನ್ನು ನನ್ನ ಕೈಯಿಂದ ಇಸಿದುಕೊಂಡು ಮುಗಿಸಿದರು. ಅಕ್ಕ ಮಲಗಿಕೊಂಡು ಮೊಲೆ ಕೊಡುತ್ತಿದ್ದರು. ಪಕ್ಕಕ್ಕೆ ತಂದು ಹಾಕುವವರು, ಎತ್ತಿ ಒಯ್ಯುವವರು ನಾವು. ಕೂಸು ದಿನದಿನಕ್ಕೆ ದುಂಡಗಾಯಿತು. ಅದು ದುಂಡಗಾದಷ್ಟೂ ಅಕ್ಕನ ನಂಬಿಕೆ ಗಟ್ಟಿಯಾಯಿತು. ಹಿಡಿದ ಎರಡು ಹೋಗಿದ್ದವು, ಹಿಡಿಯದ್ದು ಉಳಿದಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ಆ ಮನೆಯಲ್ಲಿ ಸುತ್ತಿ ಸುತ್ತಿ ಬಂದು ನನ್ನನ್ನು ಹೆದರಿಸುತ್ತಿದ್ದುದು ಈಗ ಆ ತಗ್ಗು ಮುಖವಲ್ಲ. ಹಾಲು ಕುಡಿಸುವಾಗ ಹಾಸಿಗೆಯ ಮೇಲೆ ದೂರ ಚಾಚಿ, ಅಂಗೈ ಮೇಲೆ ಮಾಡಿ ಇಟ್ಟಿರುತ್ತಿದ್ದ ಅಕ್ಕನ ಎರಡು ಖಾಲಿ ಕೈಗಳು.

ನನಗೆ ಗಂಡು ಹುಟ್ಟಿತು. ನನ್ನ ಕೂಸಿಗೆ ಏನೂ ಆಗಲಿಲ್ಲ. ಆಗುವಂಥದ್ದು ಏನೂ ಇರಲೂ ಇಲ್ಲ.

ಎಪ್ಪತ್ತರ ದಶಕ ಬಂದು ಎರಡು ಮೂರು ವರ್ಷವಾಗಿರಬೇಕು. ಅಕ್ಕನ ಮಗಳಿಗೆ ಜ್ವರ ಬಂದು ಇಳಿದಿದೆ ಎಂದು ಕೇಳಿ ನಾನು ಡಫಳಾಪುರಕ್ಕೆ ಹೋದೆ. ಆಗ ಅದಕ್ಕೆ ನಾಲ್ಕು ತುಂಬಿತ್ತು. ಅಂಗಳದ ಬೇವಿನ ನೆರಳಲ್ಲಿ ಕೌದಿ ಹಾಸಿ ಮಲಗಿಸಿದ್ದರು. ಅಕ್ಕನ ಅತ್ತೆ, ಮಾವ, ಗಂಡ ಎಲ್ಲ ಹೊಲಕ್ಕೆ ಹೋಗಿದ್ದರು. ಅಕ್ಕ ಪಕ್ಕದಲ್ಲಿ ಕುಳಿತು ಸೆರಗಿನಿಂದ ನೊಣ ಹೊಡೆಯುತ್ತಿದ್ದರು, ಮುಟ್ಟದೆ. ಮೂರು ದಿನದ ಜ್ವರದಲ್ಲಿ ಕೂಸು ಎತ್ತಿಕೋ ಎಂದು ಅತ್ತಾಗಲೆಲ್ಲ ಗೋಡೆಯಾಚೆಯ ನೆರೆಯವಳನ್ನು ಕೂಗಿ ಕರೆಯುತ್ತಿದ್ದರಂತೆ. ಅದನ್ನು ಅವರೇ, ಏನೂ ವಿಶೇಷವಿಲ್ಲದ ಹಾಗೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಮೋಡಿ ಎಂದರೆ ಏನೆಂದು ತಿಳಿದಿದ್ದೆ, ಏನು ಕಂಡೆ, ಕುಟ್ಟಾಣಿಯಿಂದ ಎಲ್ಲಿ ಹೊಡೆದೆ, ತುಪ್ಪ ಹೇಗೆ ಸವರಿದೆ, ಒಂದೂ ಬಿಡದೆ. "ನಿಮ್ಮ ಕೈ ಅಲ್ರಿ ಅಕ್ಕಾರ, ನನ್ನ ಕೈ ಅದು," ಎಂದು ಅತ್ತುಬಿಟ್ಟೆ.

ಅಕ್ಕ ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ ನನ್ನ ಬೆನ್ನು ಸವರಿದರು.

"ನನಗ ಸಮಾಧಾನ ಆಗ್ಲಿ ಅಂತ ಇಷ್ಟೆಲ್ಲ ಕಟ್ಟಿ ಹೇಳತಿ," ಎಂದರು. "ನೀ ಭಾಳ ಚಲೋ ಹುಡಿಗಿ. ಅದರ ಮೈತುಂಬ ಪೆಟ್ಟ ಇದ್ದುವು, ನಾಕ ಸಲ ಮುರೀಲಿಲ್ಲ. ನನ್ನ ಕೈ ನನಗ ಗೊತ್ತಿಲ್ಲೇನು?"

"ಖರೇನ ಹೇಳಾಕತ್ತೀನ್ರಿ."

"ಇರಲಿ ತಗೋ. ನೋಡ, ಹಿಡೀಲಿಲ್ಲ, ಉಳೀತಲ್ಲ."

ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ನಾನು ಮತ್ತೆ ಮತ್ತೆ ಹೇಳಿದಷ್ಟೂ ಅವರ ಕಣ್ಣಲ್ಲಿ ನನ್ನ ಮೇಲೆ ಪ್ರೀತಿ ಹೆಚ್ಚಾಗುತ್ತಿತ್ತು.

ನೆರಳು ಸರಿದು ಬಿಸಿಲು ಕೌದಿಯ ಅಂಚಿಗೆ ಬಂತು. ಅಕ್ಕ ಎದ್ದು ನಿಂತರು. "ತಂಗಿ, ಕೂಸಿನ್ನ ಒಳಗ ತರತೀಯೇನು?" ಎಂದರು. ನಾನು ಕಣ್ಣೊರೆಸಿಕೊಂಡು ಕೂಸನ್ನು ಎತ್ತಿಕೊಂಡೆ. ಅಕ್ಕ ಮುಂದೆ ಹೋಗಿ, ದಾರಿಯಲ್ಲಿದ್ದ ಬುಟ್ಟಿ ಸರಿಸಿ, ಬಾಗಿಲು ತೆರೆದು ಹಿಡಿದರು. ಕೂಸು ನಿದ್ದೆಗಣ್ಣಲ್ಲೇ ನನ್ನ ಕೊರಳನ್ನು ತಬ್ಬಿಕೊಂಡು, ಅವ್ವಾ ಎಂದು ಕರೆಯಿತು.

"ಇಲ್ಲೇ ಅದೀನಿ," ಎಂದರು ಅಕ್ಕ, ಬಾಗಿಲು ಹಿಡಿದುಕೊಂಡೇ.